ದಣಿವಿನ ನಿಯಮ

ಮೊನ್ನೆ ಕೂಲರಿಗೆ ಹೊಸ ಹುಲ್ಲು ಹಾಕಿಸಿದೆ. ನೀರು ಬಿಟ್ಟು ಗುಂಡಿ ಒತ್ತಿದೊಡನೆ ಒದ್ದೆ ಹುಲ್ಲಿನ ವಾಸನೆ ಮನೆತುಂಬ ಹರಡಿತು. ಹೈದರಾಬಾದಿನ ಬೇಸಿಗೆ ಕಂಡವರಿಗೆ ಅದು ತಂಪಿನ ವಾಸನೆ. ನನಗೆ ಮಾತ್ರ ಅದು ವೈನಿಯ ಮನೆಯ ಪಡಸಾಲೆಯ ವಾಸನೆ. ಅಲ್ಲಿ ಕೂಲರಿನ ಎದುರು ಎಲ್ಲರೂ ಕಾಲು ಚಾಚಿ ಕೂತಿರುತ್ತಿದ್ದರು, ವೈನಿಯೊಬ್ಬರನ್ನು ಬಿಟ್ಟು.

ವೈನಿ ನನ್ನ ಸ್ವಂತ ಅಣ್ಣನ ಹೆಂಡತಿಯಲ್ಲ. ಬಾಲಾನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಸೊಸೆ. ಅವರ ಯಜಮಾನರೂ ನಮ್ಮಪ್ಪನೂ ಒಂದೇ ಸರಕಾರಿ ಕಾರ್ಖಾನೆಯಲ್ಲಿದ್ದರು. ಆ ಯಜಮಾನರನ್ನು ನಾನು ಅಣ್ಣ ಎಂದು ಕರೆದದ್ದಕ್ಕೆ ಇವರು ವೈನಿಯಾದರು. ಧಾರವಾಡದ ಕಡೆಯವರು, ಕಂಪ್ಯೂಟರ್ ಎಂಜಿನಿಯರು. ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಇಂಗ್ಲಿಷಿನಲ್ಲಿ ತಡವರಿಸದೆ ಹೆಸರು ಹೇಳಿದವರಿಗೆಲ್ಲ ಕೆಲಸ ಸಿಗುತ್ತಿತ್ತು. ನನ್ನಂಥ ಹುಡುಗಿಗೂ ಸಿಕ್ಕಿತು, ವೈನಿಯ ಕಂಪನಿಯಲ್ಲೇ, ಅವರ ಕೈಕೆಳಗೇ.

ಸಂಜೆ ವೈನಿಯ ಜೊತೆ ಕಂಪನಿ ಬಸ್ಸಿಳಿದು ಅವರ ಮನೆಗೇ ಮೊದಲು ಹೋಗುತ್ತಿದ್ದೆ. ಕಾರ್ಖಾನೆಯಿಂದ ಆಗಲೇ ಬಂದು ಕೂತಿದ್ದ ಅಣ್ಣ, ಅವರ ತಮ್ಮ, ಅವರ ತಾಯಿ ಟಿವಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಹೆಗಲ ಚೀಲ ಇಳಿಸುವುದಕ್ಕೂ ಮೊದಲು ವೈನಿ ಒಲೆ ಹಚ್ಚಿರುತ್ತಿದ್ದರು. "ನಮ್ಮ ಸೊಸಿಗೆ ಸುಮ್ನ ಕೂತರ ಸೇರೂದಿಲ್ಲವಾ" ಎಂದು ಅವರತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು. ಸೇರುತ್ತದೋ ಇಲ್ಲವೋ ಎಂದು ಒಂದು ಸಲವಾದರೂ ಕೂರಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು...

ಕಂಪನಿಯಲ್ಲಿ ನಮ್ಮದು ವಿದೇಶದ ಗಿರಾಕಿಯೊಬ್ಬರ ಕೆಲಸ. ಅಲ್ಲಿನ ಹೋಟೆಲುಗಳಲ್ಲಿ ಜನ ಕೋಣೆ ಕಾಯ್ದಿರಿಸುವುದನ್ನು ನೋಡಿಕೊಳ್ಳಲು ಸಾಲುಸಾಲು ಕಂಪ್ಯೂಟರುಗಳಿದ್ದವು. ಅವಕ್ಕೆ ಕೆಲಸ ಹಂಚಲು ಯಜಮಾನನಂಥ ಒಂದು ಕಂಪ್ಯೂಟರ್. ಅದು ಕೆಟ್ಟು ಕೂತಿತೋ, ಉಳಿದವೆಲ್ಲ ಅಪ್ಪಣೆಗೆ ಕಾಯುತ್ತ ಕೂರುತ್ತಿದ್ದವು. ಇದಕ್ಕೊಂದು ದಾರಿ ಹುಡುಕುವ ಕೆಲಸ ವೈನಿಯ ಪಾಲಿಗೆ ಬಂತು. ಗೆದ್ದರೆ ಆರ್ಕಿಟೆಕ್ಟ್ ಹುದ್ದೆ, ಅಂದರೆ ಇಡೀ ವ್ಯವಸ್ಥೆಯ ನಕ್ಷೆ ಹಾಕುವ ಹಿರಿಯ ಕೆಲಸ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದ. ಆ ಹುದ್ದೆಯ ಆಸೆ ವೈನಿಗೆ ಎಷ್ಟಿತ್ತೆಂದು ನನಗೆ ಗೊತ್ತು. ಜೀವನದಲ್ಲಿ ಅವರು ತಮಗಾಗಿ ಬೇಕೆಂದದ್ದು ಅದೊಂದೇ.

ಕ್ವಾರ್ಟರ್ಸಿನ ನೀರಿನ ಟ್ಯಾಂಕಿನ ಕೆಳಗಿನ ಪೊಟರೆಯಲ್ಲಿ ಜೇನು ಕಟ್ಟಿತ್ತು. ಒಂದು ಭಾನುವಾರ, ಮೇ ತಿಂಗಳ ಸುಡುಬಿಸಿಲಿನಲ್ಲಿ, ಬಟ್ಟೆ ಒಣಹಾಕಲು ಬಂದ ವೈನಿ ನನ್ನನ್ನು ಕೂಗಿ ಕರೆದು ತೋರಿಸಿದರು. ಗೂಡಿನ ಬಾಯಲ್ಲಿ ನೊಣಗಳು ನಿಂತು ರೆಕ್ಕೆ ಬಡಿದು ಒಳಗೆ ಗಾಳಿ ಹಾಕುತ್ತಿದ್ದವು.

"ಅವಕ್ಕ ಯಾರರ ಹೇಳ್ಯಾರೇನು? ಯಾವುದಕ್ಕ ಮೊದಲು ಧಗಿ ತಡಕೊಳ್ಳಾಕ ಆಗೂದಿಲ್ಲೋ ಅದು ಮೊದಲು ಶುರು ಮಾಡತೈತಿ. ಇನ್ನೂ ಧಗಿ ಆತಂದ್ರ ಇನ್ನೊಂದು. ಎಲ್ಲಾ ಒಮ್ಮೆಲೆ ಓಡಿ ಬರೂದಿಲ್ಲ, ನೋಡು."

ಅದನ್ನೇ ಕಂಪ್ಯೂಟರುಗಳಿಗೆ ಕಲಿಸಿದರು. ಯಜಮಾನನನ್ನು ತೆಗೆದುಹಾಕಿದರು. ಒಂದೊಂದು ಯಂತ್ರಕ್ಕೂ ಒಂದೊಂದು ಬಗೆಯ ಸಹನೆ ಕೊಟ್ಟರು. ಕೆಲಸದ ರಾಶಿ ಬೆಳೆದಂತೆ, ಸಹನೆ ಕಡಿಮೆ ಇದ್ದದ್ದು ಮೊದಲು ಎತ್ತಿಕೊಳ್ಳುತ್ತಿತ್ತು. ಕೆಲಸ ಮಾಡಿದ ಯಂತ್ರ ಇನ್ನಷ್ಟು ಚುರುಕಾಗಬೇಕು, ಮಾಡದ್ದು ಜಡವಾಗಬೇಕು. ಒಂದೊಂದು ಕೆಲಸದಲ್ಲಿ ಒಂದೊಂದು ಪಳಗಲಿ ಎಂದು. ಆದರೆ ಪರೀಕ್ಷೆಗೆ ಹಚ್ಚಿದಾಗ ಯಾವಾಗಲೂ ಅವೇ ನಾಲ್ಕಾರು ಯಂತ್ರಗಳು ಎದ್ದವು. ಉಳಿದವು ಆರಾಮಾಗಿದ್ದವು. ಪರದೆ ನೋಡುತ್ತ ವೈನಿ ಅವುಗಳ ಲೆಕ್ಕ ಬರೆದುಕೊಂಡರು. ಮರುದಿನ ಇನ್ನೊಂದು ನಿಯಮ ಸೇರಿಸಿದರು. ತುಂಬ ಹೊತ್ತು ದುಡಿದ ಯಂತ್ರ, ರಾಶಿ ಎಷ್ಟೇ ಇರಲಿ, ಸ್ವಲ್ಪ ಕಾಲ ಏಳಬಾರದು. ಆಗ ಪಕ್ಕದ್ದು ಏಳಲೇಬೇಕಾಗುತ್ತದೆ. ಅದಕ್ಕೆ ನಾವು ದಣಿವಿನ ನಿಯಮ ಎಂದು ಹೆಸರಿಟ್ಟೆವು.

ವ್ಯವಸ್ಥೆ ಸೊಗಸಾಗಿ ನಡೆಯಿತು. ಒಂದು ಯಂತ್ರ ಕೆಟ್ಟರೆ ಯಾರೂ ಓಡಬೇಕಿರಲಿಲ್ಲ. ಆದರೆ ಗಿರಾಕಿಯ ಕಡೆಯವರು ಪರದೆ ನೋಡಲು ಬಂದಾಗ, ಕೆಲಸದ ರಾಶಿ ಕಾಯುತ್ತಿದ್ದರೂ ಕೆಲವು ಯಂತ್ರಗಳು ಸುಮ್ಮನೆ ನಿಂತಿದ್ದವು. ಕೆಲಸವಿಲ್ಲದೆ ಕೂತ ಮನುಷ್ಯರನ್ನೇ ಮನೆಗೆ ಅಟ್ಟುತ್ತಿದ್ದ ಕಂಪನಿಯಲ್ಲಿ ಯಂತ್ರ ಕೂರುವುದೆಂದರೇನು! ಗಿರಾಕಿಗಳನ್ನು ಬೀಳ್ಕೊಟ್ಟು ಬಂದ ಮ್ಯಾನೇಜರ್ ನಮ್ಮೆಲ್ಲರೆದುರು ನಗಾಡಿದ. "ಕ್ಯಾ ಮೇಡಂ, ಮಷೀನ್ ಭೀ ಥಕ್ತಾ ಕ್ಯಾ?" ಯಂತ್ರವೂ ದಣಿಯುತ್ತದೆಯೇ, ಆ ದಣಿವು ಗಿಣಿವು ತೆಗೆದುಬಿಡಿ ಎಂದ.

ವೈನಿ ಎದ್ದು ನಿಂತರು. "ನಹೀ ಸರ್" ಎಂದರು. ಅಷ್ಟೇ. ಯಾವ ಕೆಲಸ ಹೇಳಿದರೂ "ಹಾಂಜೀ" ಎನ್ನುತ್ತಿದ್ದ ಹೆಂಗಸು ಅವರು. ಮ್ಯಾನೇಜರನ ನಗು ಮುಖದಲ್ಲೇ ಉಳಿಯಿತು. ಅಂದು ಮಧ್ಯಾಹ್ನವೇ ಇನ್ನೊಬ್ಬನಿಂದ ಆ ನಿಯಮ ಅಳಿಸಿಹಾಕಿಸಿದ.

ಕೆಲವು ತಿಂಗಳು ಎಲ್ಲ ಭೇಷಾಗಿತ್ತು. ಅವೇ ಯಂತ್ರಗಳು ಎಲ್ಲವನ್ನೂ ಎಳೆದವು, ಮೊದಲಿಗಿಂತ ಬೇಗ ಎಳೆದವು. ಮ್ಯಾನೇಜರ್ ಬಿರಿಯಾನಿ ಕೊಡಿಸಿದ. ಆಮೇಲೆ ಗಿರಾಕಿಯ ದೇಶದಲ್ಲಿ ರಜೆಯ ಕಾಲ ಬಂತು, ಜನ ಕೋಣೆಗಳಿಗೆ ಮುಗಿಬಿದ್ದರು. ದುಡಿಯುತ್ತಿದ್ದವು ಒಂದರ ಹಿಂದೊಂದು ಕುಸಿದವು. ಉಳಿದವಕ್ಕೆ ಇಷ್ಟು ದಿನ ಏನೂ ಮಾಡದೆ ಎಷ್ಟು ಜಡ ಹಿಡಿದಿತ್ತೆಂದರೆ, ಆ ಗುಡ್ಡದಂಥ ರಾಶಿಯೂ ಅವನ್ನು ಎಬ್ಬಿಸಲಿಲ್ಲ. ನಿಂತು ನೋಡಿದವು. ಆ ಪರದೆಯನ್ನು ನೋಡುವಾಗ ನನಗೆ ಪಕ್ಕದ ಮನೆಯ ಪಡಸಾಲೆ ನೆನಪಾಗಿ ಮೈಯೆಲ್ಲ ಉರಿಯಿತು.

ಯಜಮಾನನಿಲ್ಲದ ವ್ಯವಸ್ಥೆ ಮಾಡಿದ್ದು ಯಾರು? ವೈನಿ. ಹಾಗಾಗಿ ತಪ್ಪೂ ಅವರದೇ. ಅಳಿಸಿದ ನಿಯಮದ ಮಾತನ್ನು ನಾನು ಎತ್ತಿದೆ, ಇನ್ನಿಬ್ಬರು ಎತ್ತಿದರು, ಕೇಳುವ ಕಿವಿಗಳಿರಲಿಲ್ಲ. ಆರ್ಕಿಟೆಕ್ಟ್ ಹುದ್ದೆ ಇರಲಿ, ರಾಜೀನಾಮೆ ಬರೆದುಕೊಡಿ ಎಂದರು. ಬರೆದುಕೊಟ್ಟು ಬಂದ ವೈನಿ ಮತ್ತೆ ತಮ್ಮ ಕುರ್ಚಿಗೇ ಬಂದು ಕೂತು ಆ ಯಂತ್ರಗಳನ್ನು ಸರಿಮಾಡತೊಡಗಿದರು.

"ಏಳ್ರಿ ವೈನಿ, ಸಾಕು. ಕೆಡಿಸಿದವರು ಮಾಡ್ಕೊಳ್ಳಲಿ" ಎಂದು ನಾನು ಅವರ ಕೈ ಹಿಡಿದೆಳೆದೆ.

"ಇಷ್ಟೆಲ್ಲಾ ಬಿದ್ದದ್ದು ನೋಡ್ಕೋತ ಹ್ಯಾಂಗ ಹೋಗಲಿ? ಭಾಳ ಹೊತ್ತಿಲ್ಲ, ನೀ ಬಸ್ಸಿಗೆ ನಡಿ."

ಸಿಟ್ಟು ಬಂದಿತ್ತು ನನಗೆ, ಅವರ ಮೇಲೂ. ಈಗಲೂ ಇದೆ. ಅವರು ದಣಿವಿನ ನಿಯಮವನ್ನು ತಿರುಗಿ ಹಾಕಿಟ್ಟೇ ಹೊರಬಿದ್ದರು. ಈ ಸಲ ಯಾರೂ ಅದನ್ನು ತೆಗೆಯಲಿಲ್ಲ. ವ್ಯವಸ್ಥೆ ಮತ್ತೆ ಸರಿಯಾಗಿ ನಡೆಯಿತು, ಮ್ಯಾನೇಜರನಿಗೆ ಬಡ್ತಿಯಾಯಿತು. ವೈನಿ ಮತ್ತೆ ಎಲ್ಲೂ ಕೆಲಸಕ್ಕೆ ಹೋಗಲಿಲ್ಲ. ಹೇಗೂ ಮನೆಯಲ್ಲೇ ಇರುತ್ತಾಳಲ್ಲ ಎಂದು ಮನೆಯವರು ಕೆಲಸದಾಕೆಯನ್ನು ಬಿಡಿಸಿದರು. ಅತ್ತೆ ಹಾಸಿಗೆ ಹಿಡಿದರು, ನಾದಿನಿಯ ಬಾಣಂತನವಾಯಿತು, ಎಲ್ಲಕ್ಕೂ ಅವರೇ... ನಾನು ಮದುವೆಯಾಗಿ ಶಂಶಾಬಾದಿನ ಕಡೆ ಬಂದೆ. ಫೋನ್ ಮಾಡಿದರೆ ಹಿಂದೆ ಕುಕ್ಕರಿನ ಸೀಟಿಯೋ, ಯಾರದೋ ಕೂಗೋ ಕೇಳಿಸುತ್ತಿತ್ತು. ಆಮೇಲೆ ಮಾಡತೀನಿ ಎಂದು ಇಟ್ಟುಬಿಡುತ್ತಿದ್ದರು.

ಹೋದ ವಾರ ವೈನಿ ತೀರಿಕೊಂಡರು. ಹೊಟ್ಟೆಯಲ್ಲಿ ನೋವಿದ್ದುದನ್ನು ಯಾರಿಗೂ ಹೇಳಿರಲಿಲ್ಲವಂತೆ. ಆಸ್ಪತ್ರೆಗೆ ಹೋಗಲು ಪುರುಸೊತ್ತು ಎಲ್ಲಿತ್ತು!

ನಮ್ಮ ಹಳೆಯ ತಂಡದವರದೊಂದು ವಾಟ್ಸಾಪ್ ಗುಂಪಿದೆ. ನಾನೇ ಸುದ್ದಿ ಹಾಕಿದೆ. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಆ ಮ್ಯಾನೇಜರ್ ಈಗ ದೊಡ್ಡ ಮನುಷ್ಯ. ಅವನೂ ಬರೆದ, ಅಂಥ ಹೆಂಗಸು ಸಿಗುವುದಿಲ್ಲ, ಯಾವ ಕೆಲಸಕ್ಕೂ ಎಂದೂ ಇಲ್ಲ ಎಂದವರಲ್ಲ ಎಂದು. ಅದಕ್ಕೆ ಎಲ್ಲರೂ ಹೌದು ಹೌದು ಎಂದರು.

"ಒಂದು ಸಲ ಇಲ್ಲ ಅಂದಿದ್ದರು, ನಿಮ್ಮ ಎದುರಿಗೇ" ಎಂದು ಬರೆದು ಕಳಿಸಿದೆ. ಎಲ್ಲರೂ ಓದಿದ್ದಾರೆ.