ಬೆಳ್ಳಗಾದ ಎರೆಹೊಲ

ಆಳಂದದಲ್ಲಿ ನನ್ನದೊಂದು ಒಂದೇ ಕೋಣೆಯ ಫೋಟೋ ಸ್ಟುಡಿಯೋ ಇದೆ. ಮದುವೆ ಆಲ್ಬಮ್ಮುಗಳೇ ನನಗೆ ಅನ್ನ ಹಾಕುವುದು. ಬಂದವರು ಕುರ್ಚಿಯಲ್ಲಿ ಕೂಡುವ ಮೊದಲೇ ಹೇಳುವ ಮಾತು ಒಂದೇ: "ಅಕ್ಕಾರ, ಸ್ವಲ್ಪ ಬೆಳ್ಳಗ ಮಾಡ್ರಿ." ಮಾಡುತ್ತೇನೆ. ಮಾಡಿ ಮಾಡಿ ಮೌಸ್ ಹಿಡಿದ ಕೈಗೆ ಅದೇ ಚಟವಾಗಿಬಿಟ್ಟಿದೆ.

ನಿಂಬರ್ಗಾದಲ್ಲಿ ಅವ್ವನ ಜೊತೆ ಇದ್ದು ನಮ್ಮ ಕಪ್ಪು ಎರೆಮಣ್ಣಿನ ಹೊಲ ನೋಡಿಕೊಳ್ಳುವವನು ನನ್ನ ತಮ್ಮ. ಒಳ್ಳೆಯ ದುಡಿಮೆಗಾರ. ಆದರೆ ಒಕ್ಕಲುತನ ಮಾಡುವವನಿಗೆ ಈಗ ಹೆಣ್ಣು ಕೊಡುವವರು ಯಾರು? ಬಂದ ಸಂಬಂಧಗಳೆಲ್ಲ ಚಹಾ ಕುಡಿದು ಎದ್ದು ಹೋಗಿದ್ದವು. ಹೋದ ದೀಪಾವಳಿ ಮುಗಿದ ಮೇಲೆ ಜೇವರ್ಗಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿಗೆ ರೈತನಾದರೂ ಆಗಬಹುದಂತೆ. ತಮ್ಮನ ಫೋಟೋ ಕಳಿಸಿದ್ದೂ ಆಯಿತು. ಅವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವವರು ಮೊದಲು ಮನೆ, ಹೊಲ ನೋಡುವುದು ರೂಢಿ. ಹುಡುಗಿಯ ಅಪ್ಪ ಹತ್ತಿ ಬಿಡಿಸುವ ಗಡಿಬಿಡಿಯಲ್ಲಿದ್ದರು. "ಸದ್ಯಕ್ಕ ಹೊಲದ ಫೋಟೋ ಕಳಸ್ರಿ, ಆಮ್ಯಾಲ ಬರ್ತೇವಿ" ಎಂದರು.

ಫೋಟೋ ತಾನೇ, ಮೀನಿಗೆ ಈಜು ಕಲಿಸಬೇಕೇ? ಹೋಗಿ ತೆಗೆದುಕೊಂಡು ಬಂದೆ. ಮಧ್ಯಾಹ್ನದ ಬಿಸಿಲಿಗೆ ಆಕಾಶ ಮಂಕಾಗಿತ್ತು, ಜೋಳದ ಪಕ್ಕದಲ್ಲಿ ಹೂಬಿಟ್ಟ ತೊಗರಿಯೂ ಸಪ್ಪೆ. ಊರ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಕಾಂಟ್ರಾಸ್ಟ್ ಏರಿಸಿದೆ. ಆಕಾಶಕ್ಕೆ ನೀಲಿ ಕೊಟ್ಟೆ, ತೊಗರಿಗೆ ಹಸಿರು. ಆಮೇಲೆ ಕೈ ತನ್ನ ಚಟಕ್ಕೆ ಬಿತ್ತು, ಕಪ್ಪು ಕಂಡಲ್ಲೆಲ್ಲ ತಿಳಿ ಮಾಡುತ್ತ ಹೋಯಿತು. ಹೊಲ ಮದುಮಗಳಂತೆ ಹೊಳೆಯಿತು. ಖುಷಿಯಿಂದ ಕಳಿಸಿದೆ.

ಸಂಜೆ ಹುಡುಗಿಯ ಅಪ್ಪನ ಫೋನು ಬಂತು. "ಎರಿ ಹೊಲ ಅಂದಿದ್ರಿ. ಇದು ಸವಳ ಹತ್ತಿದಂಗ ಕಾಣಾಕತ್ತದಲ್ರಿ. ಉಪ್ಪು ಎದ್ದ ನೆಲಕ್ಕ ಮಗಳ್ನ ಹೆಂಗ ಕೊಡಬೇಕ್ರಿ?"

ತಮ್ಮ ಎದ್ದು ಅಂಗಳಕ್ಕೆ ಹೋದ. ಅವ್ವ ನನ್ನನ್ನೇ ದಿಟ್ಟಿಸಿದಳು. "ಹೆಣ್ಮಕ್ಕಳ ಮಾರಿ ತಿಕ್ಕಿದಂಗ ಭೂಮಿತಾಯಿ ಮಾರಿನೂ ತಿಕ್ಕಿದೇನಬೇ?"

ನನ್ನ ಜಾಣತನಕ್ಕೆ ಅವನ ಮದುವೆ ಮುರಿಯಬೇಕೇ? ಮೂಲ ಫೋಟೋ ತೆಗೆದು ಮತ್ತೆ ಕೂತೆ. ಈ ಸಲ ಕಪ್ಪನ್ನು ಕಪ್ಪಾಗಿಯೇ ಬಿಟ್ಟೆ. ಗೇಣುದ್ದ ಎದ್ದಿದ್ದ ಜೋಳದ ಸಾಲುಗಳ ನಡುವೆ ಎರೆಮಣ್ಣು ಬಿರುಕು ಸಮೇತ ಎದ್ದು ಕಂಡಿತು. ನಮ್ಮ ಹೊಲ ಇರುವುದೇ ಹಾಗೆ. ಕಳಿಸಿ ಫೋನು ಮಾಡಿದರೆ ಅವರು ನಕ್ಕರು. "ಈಗ ಕರ್ರಗ ಮಾಡಿ ಕಳಿಸೀರೇನವ್ವ?"

ತಮ್ಮನೇ ಬಂದು ಫೋನು ಕಿತ್ತುಕೊಂಡ. "ಫೋಟೋ ಬಿಡ್ರಿ ಕಾಕಾ. ನೀವೇ ಬಂದು ಮಣ್ಣು ಮುಟ್ಟಿ ನೋಡ್ರಿ. ಸವಳ ಇದ್ರ ನಮ್ಮ ಮನ್ಯಾಗ ಚಹಾನೂ ಕುಡಿಬ್ಯಾಡ್ರಿ."

ಅವರು ಬಂದರು, ಮಗಳನ್ನೂ ಕರೆದುಕೊಂಡು. ಮಣ್ಣಿನ ಹೆಂಟೆ ಮುರಿದು ಮೂಸಿದರು, ನೀರು ಹಾಕಿ ಅಂಗೈಯಲ್ಲಿ ತಿಕ್ಕಿದರು. ಕೈಯೆಲ್ಲ ಕಪ್ಪಾಯಿತು. "ಎರಿನೇ ಅದ" ಎಂದರು.

ಹುಡುಗಿ ಮಾತ್ರ ಮಣ್ಣಿನ ಕಡೆ ನೋಡುತ್ತಿರಲಿಲ್ಲ. ಬಿಸಿಲಿಗೆ ಕರ್ರಗಾಗಿ ಬದುವಿನ ಮೇಲೆ ನಿಂತಿದ್ದ ತಮ್ಮನನ್ನೊಮ್ಮೆ, ಕೈಯಲ್ಲಿದ್ದ ಮೊಬೈಲನ್ನೊಮ್ಮೆ ನೋಡಿ ನನ್ನತ್ತ ತಿರುಗಿದಳು.

"ಅಕ್ಕಾರ, ಇವರ ಫೋಟೋನೂ ನೀವೇ ತಗದೀರೇನ್ರಿ?"

"ಹೌದವ್ವ" ಎಂದೆ, ತಲೆ ತಗ್ಗಿಸಿ.

"ಇದನ್ನ ಅಳಿಸ್ತೇನಿ" ಎಂದಳು. "ಇವರೇ ಚಲೋ ಅದಾರ."