ಬೀಗರಿಗಾಗಿ ಕಟ್ಟಿಸಿದ ವೆಬ್‌ಸೈಟು

ಕೋವಿಡ್ ಗದ್ದಲ ಅಡಗಿ ಒಂದೆರಡು ವರ್ಷವಾಗಿತ್ತು. ನಾನಾಗ ನೇಪರ್‌ವಿಲ್‌ನ ಮನೆಯಿಂದಲೇ ಸಣ್ಣ ಉದ್ಯಮಗಳಿಗೆ ವೆಬ್‌ಸೈಟ್ ಸಲಹೆಗಾರಳಾಗಿದ್ದೆ. ಜನ ಇಂಟರ್ನೆಟ್‌ನಲ್ಲಿ ಏನಾದರೂ ಹುಡುಕಿದಾಗ ನನ್ನ ಗಿರಾಕಿಗಳ ಪುಟ ಮೇಲೆ ಕಾಣಿಸುವಂತೆ ಮಾಡುವುದು ನನ್ನ ಕೆಲಸ. ಇಪ್ಪತ್ತು ವರ್ಷ ಮಾಡಿ ಸಾಕಾಗಿಹೋಗಿತ್ತು. ಸಲಹೆ ಕೇಳುವವರಲ್ಲಿ ಹೆಚ್ಚಿನವರಿಗೆ ಸಲಹೆ ಬೇಕಿರುವುದಿಲ್ಲ, ತಾವು ಆಗಲೇ ತೀರ್ಮಾನಿಸಿದ್ದಕ್ಕೆ ಹೂಂಗುಟ್ಟುವವರು ಬೇಕಿರುತ್ತಾರೆ.

ಬಸವರಾಜ್ ಅವರ ಫೋನ್ ಬಂದಾಗಲೂ ನನಗೆ ಅಂಥ ಉತ್ಸಾಹವೇನೂ ಇರಲಿಲ್ಲ. ಬಾಗಲಕೋಟೆ ಕಡೆಯ ಮೆಕ್ಯಾನಿಕಲ್ ಎಂಜಿನಿಯರ್. ಮಿಶಿಗನ್‌ನ ವಿಕ್ಸಮ್‌ನಲ್ಲಿ ಅವರದೊಂದು ವರ್ಕ್‌ಶಾಪ್. ಕಾರ್ಖಾನೆಗಳ ಹೈಡ್ರಾಲಿಕ್ ಪಂಪುಗಳನ್ನು, ಅಂದರೆ ಎಣ್ಣೆಯ ಒತ್ತಡದಿಂದ ಯಂತ್ರ ನಡೆಸುವ ಪಂಪುಗಳನ್ನು, ರಿಪೇರಿ ಮಾಡುತ್ತಿದ್ದರು. ಕೈಕೆಳಗೆ ಆರು ಜನ. ಮಗಳು ಮೇಘಾಳ ಮದುವೆ ನಮ್ಮೂರ ಪಕ್ಕದ ಪ್ಲೇನ್‌ಫೀಲ್ಡ್‌ನ ಹುಡುಗನೊಂದಿಗೆ ಗೊತ್ತಾಗಿತ್ತು. ಅದಕ್ಕೇ ಹೊಸ ವೆಬ್‌ಸೈಟು ಬೇಕಂತೆ.

"ಬೀಗರು ಇಬ್ಬರೂ ಡಾಕ್ಟರ್ ಅದಾರ್ರೀ ಮೇಡಂ. ನಮ್ಮ ಸೈಟ್ ನೋಡಿದ್ರ ಗುಜರಿ ಅಂಗಡಿ ಅನ್ಕೋತಾರ" ಎಂದರು.

ಹಳೆಯ ಸೈಟು ನೋಡಿದೆ. ಗುಜರಿ ಅಂಗಡಿಯಂತೆಯೇ ಇತ್ತು. ಆದರೆ ಒಂದೊಂದು ಮಾದರಿಯ ಪಂಪಿಗೂ ಒಂದೊಂದು ಪುಟ. ಅದು ಹೇಗೆ ಸದ್ದು ಮಾಡಿದರೆ ಏನು ಕೆಟ್ಟಿದೆ, ಎಲ್ಲಿ ಎಣ್ಣೆ ಸೋರಿದರೆ ಯಾವ ಸೀಲು ಹೋಗಿದೆ ಎಂದು ಅವರೇ ವರ್ಷಗಟ್ಟಲೆ ಕೂತು ಬರೆದಿದ್ದರು. ಎಲ್ಲೋ ಓಹಾಯೋದಲ್ಲೋ ಇಂಡಿಯಾನಾದಲ್ಲೋ ಪಂಪು ಕೈಕೊಟ್ಟಾಗ ಅಲ್ಲಿಯ ಮೇಲ್ವಿಚಾರಕ ಗಾಬರಿಯಲ್ಲಿ ಹುಡುಕಿದರೆ ಮೊದಲು ಸಿಗುತ್ತಿದ್ದುದು ಈ ಪುಟಗಳೇ. ವರ್ಕ್‌ಶಾಪಿನ ಅರ್ಧಕ್ಕಿಂತ ಹೆಚ್ಚು ಕೆಲಸ ಹಾಗೆ ಬರುತ್ತಿತ್ತು. ನನಗೆ ನಿಜಕ್ಕೂ ಖುಷಿಯಾಯಿತು. ಅಭ್ಯಾಸದಂತೆ ಇಡೀ ಸೈಟಿನ ಒಂದು ನಕಲನ್ನು ತೆಗೆದಿಟ್ಟುಕೊಂಡೆ.

ವೆಬ್‌ಸೈಟಿಗೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಸಾಫ್ಟ್‌ವೇರ್ ಬೇಕು. ಸಿಎಂಎಸ್ ಅನ್ನುತ್ತೇವೆ. ಕೋಡ್ ಬರೆಯಲು ಬಾರದವರೂ ಅದರಲ್ಲಿ ಪುಟ ಬರೆಯಬಹುದು, ತಿದ್ದಬಹುದು. ನಾನು ಸೂಚಿಸಿದ್ದು ನೋಡಲು ಸಾದಾ. ಆದರೆ ಅದರಲ್ಲಿ ಪ್ರತಿ ಪುಟಕ್ಕೂ ಅದರದೇ ವಿಳಾಸ, ಅದರದೇ ಶೀರ್ಷಿಕೆ ಕೊಡಬಹುದಿತ್ತು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಕೂಡ ಮಾಡಬಹುದಿತ್ತು. ಮನೆ ಬದಲಾಯಿಸಿದಾಗ ಪೋಸ್ಟ್ ಆಫೀಸಿಗೆ ಹೊಸ ವಿಳಾಸ ಬರೆದುಕೊಟ್ಟು ಬರುತ್ತೇವಲ್ಲ, ಹಾಗೆ. ಬಸವರಾಜ್ ಅವರಿಗೆ ಹಿಡಿಸಿದ್ದು ಇನ್ನೊಂದು. ಕನ್ನಡ ಸಂಘದ ಊಟದಲ್ಲಿ ಯಾರೋ ತೋರಿಸಿದ್ದಂತೆ. ಎಲ್ಲವೂ ಒಂದೇ ಉದ್ದನೆಯ ಪುಟ, ಹಿಂದೆ ವಿಡಿಯೋ.

"ಸರ್, ಇದು ಚೆನ್ನಾಗಿ ಕಾಣುತ್ತೆ, ಆದ್ರೆ ಹುಡುಕಿದ್ರೆ ಸಿಗಲ್ಲ. ಹಳೇ ಪುಟಗಳನ್ನ ಮಾತ್ರ ತೆಗೀಬೇಡಿ" ಎಂದೆ.

"ನೋಡೂಣ್ರೀ" ಎಂದರು. ನೋಡೋಣ ಅಂದರೆ ಇಲ್ಲ ಎಂದರ್ಥ. ಕೆಲಸವನ್ನು ಬೇರೆ ಡಿಸೈನರ್‌ಗೆ ಒಪ್ಪಿಸಿದರು.

ನಿಶ್ಚಿತಾರ್ಥ ಪ್ಲೇನ್‌ಫೀಲ್ಡ್‌ನಲ್ಲೇ ಆದ್ದರಿಂದ ನನ್ನನ್ನೂ ಕರೆದಿದ್ದರು. ಹಳೆಯ ಪುಟಗಳನ್ನು ಸಾಗಿಸಲು ಡಿಸೈನರ್ ಇನ್ನಷ್ಟು ಸಮಯ ಕೇಳಿದ್ದನಂತೆ. ಆದರೆ ಪುರೋಹಿತರು ಉಂಗುರಕ್ಕೆ ಇಟ್ಟ ಮುಹೂರ್ತದಲ್ಲೇ ಸೈಟೂ ಶುರುವಾಗಬೇಕೆಂದು ಬಸವರಾಜ್ ಅವರ ಹಟ. ಉಂಗುರ ತೊಡಿಸಿದ ಮೇಲೆ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಸೈಟನ್ನು ಹಾಲ್‌ನ ದೊಡ್ಡ ಪರದೆಯ ಮೇಲೆ ತೋರಿಸಿದರು. ಪರದೆಯ ಮುಂದಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮೇಘಾ ನನ್ನ ಪಕ್ಕ ಬಂದು, "ಆಂಟಿ, ಐ ಟೋಲ್ಡ್ ಅಪ್ಪ ನೋ ಒನ್ ಕೇರ್ಸ್" ಎಂದು ಪಿಸುಗುಟ್ಟಿದಳು. ಹಳೆಯ ಸೈಟು ಆ ಬೆಳಿಗ್ಗೆಯೇ ಅಳಿಸಿಹೋಗಿತ್ತು.

ಆಗಲೇ ಒಪ್ಪಿಕೊಂಡಿದ್ದ ರಿಪೇರಿ ಕೆಲಸದಲ್ಲಿ ಅವರಿಗೆ ಕೆಲವು ವಾರ ಕಳೆಯಿತು. ಆಮೇಲೆ ವರ್ಕ್‌ಶಾಪಿನ ಫೋನು ಬಡಿದುಕೊಳ್ಳುವುದೇ ನಿಂತಿತು. ಆರು ಜನರಲ್ಲಿ ಮೂವರಿಗೆ ಅರ್ಧ ವಾರದ ಕೆಲಸ ಮಾತ್ರ ಉಳಿಯಿತು. ಹೀಗೇ ಆದರೆ ಮದುವೆಯ ಹೊತ್ತಿಗೆ ಅವರನ್ನು ಮನೆಗೆ ಕಳಿಸಬೇಕಾಗುತ್ತದೆ ಎಂದು ಬಸವರಾಜ್ ಫೋನಿನಲ್ಲಿ ಹೇಳಿದರು. ನನಗೆ ಸಿಟ್ಟು ಬಂತು, ಅಯ್ಯೋ ಎಂದೂ ಅನ್ನಿಸಿತು. ಮರುದಿನವೇ ಅವರ ವರ್ಕ್‌ಶಾಪಿಗೆ ಹೊರಟು ಕಾರು ಹತ್ತಿದೆ. ಐದು ಗಂಟೆಯ ದಾರಿಯಲ್ಲಿ ನಾನು ಹೇಳಿರಲಿಲ್ಲವೇ ಎಂಬ ಮಾತನ್ನು ನಾಲ್ಕಾರು ರೀತಿಯಲ್ಲಿ ಜೋಡಿಸಿಕೊಂಡೆ.

ಅಲ್ಲಿ ಅವರು ಮಾಡಿದ ಮೊದಲ ಕೆಲಸ ಕಂಪ್ಯೂಟರಿನಲ್ಲಿ ತಮ್ಮ ಕಂಪನಿಯ ಹೆಸರು ಟೈಪ್ ಮಾಡಿದ್ದು.

"ನೋಡ್ರೀ, ಮ್ಯಾಲೇ ಬರ್ತದಲ್ಲ. ದಿನಾ ಮುಂಜಾನೆ ಪೂಜಿ ಆದ ಮ್ಯಾಲೆ ನೋಡ್ತೀನಿ. ಮತ್ತ್ಯಾಕ ಫೋನ್ ಬರವಲ್ದು?"

"ನಿಮ್ಮ ಹೆಸರು ಗೊತ್ತಿರೋರು ಫೋನೇ ಮಾಡ್ತಾರೆ ಸರ್. ಹುಡುಕೋರಿಗೆ ನಿಮ್ಮ ಹೆಸರು ಗೊತ್ತಿರಲ್ಲ. ಅವರ ಹತ್ರ ಇರೋದು ಕೆಟ್ಟ ಪಂಪು ಒಂದೇ."

ಅವರು ನೆಲ ನೋಡುತ್ತಾ ಹೇಳಿದರು: "ನಿನ್ನೆ ಬೀಗರಿಗೆ ಫೋನ್ ಮಾಡಿದ್ದೆ. ಸೈಟ್ ಹ್ಯಾಂಗದ ಅಂತ ಕೇಳ್ದೆ. 'ಯಾವ ಸೈಟು? ಅವತ್ತು ಹಾಲ್‌ನಲ್ಲಿ ನಾವು ಊಟದ ಕಡೆ ಇದ್ವಲ್ಲ' ಅಂದ್ರು."

ನಗು ಬರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನು ಬಿಟ್ಟು ಲ್ಯಾಪ್‌ಟಾಪ್ ತೆರೆದೆ.

ನಾನು ಮೊದಲೇ ಹೇಳಿದ್ದ ಸಾದಾ ಸಿಎಂಎಸ್ ಹಾಕಿ, ತೆಗೆದಿಟ್ಟಿದ್ದ ಪುಟಗಳನ್ನು ಒಂದೊಂದಾಗಿ ಅವುಗಳ ಹಳೆಯ ವಿಳಾಸಕ್ಕೇ ಕೂರಿಸಿದೆವು. ಕಳೆದುಕೊಂಡ ಜಾಗ ಬೇಗ ಸಿಗುವುದಿಲ್ಲ. ಸರ್ಚ್ ಎಂಜಿನ್ ಮತ್ತೆ ಬಂದು, ಓದಿ, ನಂಬಬೇಕು. ಚಳಿಗಾಲವೆಲ್ಲ ಕಾಯುವುದರಲ್ಲೇ ಹೋಯಿತು. ಕೆಲವು ಪುಟಗಳು ಮೇಲೆ ಬರಲೇ ಇಲ್ಲ. ಮೂವರಲ್ಲಿ ಒಬ್ಬ ಕಾದು ಬೇಸತ್ತು ಬೇರೆ ಕಡೆ ಸೇರಿಕೊಂಡ.

ಮದುವೆಗೆ ವಾರವಿದ್ದಾಗ ಕೊನೆಯ ಸಲ ವಿಕ್ಸಮ್‌ಗೆ ಹೋದೆ. ಲಗ್ನಪತ್ರಿಕೆ ನನ್ನ ಕೈಗಿಡುತ್ತಿದ್ದರು, ಫೋನ್ ಬಡಿಯಿತು. ಯಾರೋ ಗುರುತಿಲ್ಲದವನು. ಎಲ್ಲಿಯದೋ ಕಾರ್ಖಾನೆ, ಪಂಪು ಕಿರುಚುತ್ತಿದೆಯಂತೆ. ಬಸವರಾಜ್ ಪತ್ರಿಕೆಯನ್ನು ಅರ್ಧ ಕೊಟ್ಟಲ್ಲಿಯೇ ಬಿಟ್ಟು, ಎದ್ದು ನಿಂತು, ಸದ್ದು ಹೇಗಿದೆ, ಎಣ್ಣೆ ಎಷ್ಟಿದೆ ಎಂದು ಕೇಳತೊಡಗಿದರು. ನಾನು ಹೊರಟಿದ್ದು ಅವರಿಗೆ ಗೊತ್ತಾಗಲಿಲ್ಲ.

ಸಿಎಂಎಸ್ ಯಾವುದು ಒಳ್ಳೆಯದು ಎಂದು ಈಗಲೂ ಜನ ಕೇಳುತ್ತಾರೆ. ನಿಮ್ಮ ಸೈಟನ್ನು ಯಾರು ನೋಡಬೇಕು ಎಂದು ನಾನು ತಿರುಗಿ ಕೇಳುತ್ತೇನೆ. ಎಲ್ಲರೂ ತಮಗೆ ಪರಿಚಯವಿರುವವರ ಹೆಸರನ್ನೇ ಹೇಳುತ್ತಾರೆ.