ಹೆಸರು ದಾಟಿಸುವ ಯಶೋಧರಾ

ಎರಡು ಸಾವಿರದ ಹನ್ನೊಂದು, ಬೆಳಗಿನ ಆರೂಮುಕ್ಕಾಲು. ಅರಸೀಕೆರೆಯ ರೈಲು ನಿಲ್ದಾಣಕ್ಕೂ ಬಸ್ ನಿಲ್ದಾಣಕ್ಕೂ ನಡುವೆ ಇನ್ನೂ ಬಾಗಿಲು ತೆರೆಯದ ಸೈಕಲ್ ಅಂಗಡಿಯೊಂದಿದೆ. ಅದರ ಜಗಲಿ ಗುಡಿಸಿ, ಮಡಿಸುವ ಮೇಜು ಬಿಡಿಸಿಟ್ಟು, ಬಾಣಾವರದಿಂದ ಮೊದಲ ಗಾಡಿಗೆ ಬಂದಿಳಿದ ಯಶೋಧರಾ ಕೆಲಸಕ್ಕೆ ಕೂತಿದ್ದಾರೆ. ಮೇಜಿನ ಎಡಕ್ಕೆ ಗಿರಾಕಿಯ ಹಳೇ ಫೋನು, ಬಲಕ್ಕೆ ಹೊಸ ಟಚ್ ಫೋನು, ನಡುವೆ ಗೆರೆ ಹೊಡೆದ ನೋಟ್‌ಬುಕ್ಕು. ಎಡಗೈಯ ಹೆಬ್ಬೆರಳು ಹಳೇ ಫೋನಿನ ಗುಂಡಿ ಒತ್ತುತ್ತದೆ, ಬಲಗೈ ಬರೆಯುತ್ತದೆ, ತುಟಿ ಸದ್ದಿಲ್ಲದೆ ಅಂಕಿ ಹೇಳುತ್ತದೆ. ಹತ್ತು ಅಂಕಿ ಮುಗಿಯುವತನಕ ಎದುರಿಗೆ ಯಾರೇ ಬಂದು ನಿಂತರೂ ಅವರು ತಲೆ ಎತ್ತುವುದಿಲ್ಲ.

ಈಗ ಎದುರಿಗೆ ನಿಂತಿರುವವರು ಕೊಬ್ಬರಿ ಮಂಡಿಯ ಮರುಳಪ್ಪ. ಹರಾಜು ಶುರುವಾಗುವುದರೊಳಗೆ ಹೊಸ ಫೋನು ತಯಾರಾಗಬೇಕು ಎಂಬುದು ಅವರ ಅವಸರ. ತಮ್ಮನ ಮಗ ತಂದುಕೊಟ್ಟ ಈ ದುಬಾರಿ ಫೋನು ಹಳೆಯದರ ಒಂದು ನಂಬರನ್ನೂ ಒಳಗೆ ಬಿಟ್ಟುಕೊಂಡಿಲ್ಲವಲ್ಲ ಎಂದು ಅವರಿಗೆ ಸಿಟ್ಟು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಗಿದೆ ಎಂದು ಗೊಣಗುತ್ತಾ, ಎರಡೂ ಫೋನೇ ತಾನೆ, ಇವಕ್ಕೇನು ರೋಗ ಎಂದು ಕೇಳುತ್ತಾರೆ. ಯಶೋಧರಾ ಆ ಸಾಲು ಮುಗಿಸಿ, ಪೆನ್ನು ಕೆಳಗಿಟ್ಟು ಉತ್ತರ ಕೊಡುತ್ತಾರೆ.

"ಫೋನಿನೊಳಗೆ ಆಪರೇಟಿಂಗ್ ಸಿಸ್ಟಂ ಅಂತ ಒಂದಿರ್ತದೆ ಸಾವ್ಕಾರ್ರೇ. ಅದೇ ಅದರ ಮನೆತನ. ಈ ಮನೆತನದೋರು ಬಡಿಸಿದ್ದು ಆ ಮನೆತನದೋರು ಉಣ್ಣಲ್ಲ. ನಮ್ಮ ಕಡೆ ಇದನ್ನ ಬಿಡಿಸಿ ಹೇಳೋ ಅಗತ್ಯ ಬೀಳಬಾರದು."

ಮರುಳಪ್ಪ ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು ನಗುತ್ತಾರೆ. ಯಶೋಧರಾ ಆಗಲೇ ಮುಂದಿನ ನಂಬರಿಗೆ ಹೋಗಿದ್ದಾರೆ.

ಅವರ ಕೆಲಸ ಹೇಳುವುದಕ್ಕೆ ಸುಲಭ. ಒಂದು ಜಾತಿಯ ಫೋನಿನಲ್ಲಿರುವ ಹೆಸರು, ನಂಬರುಗಳನ್ನು ಇನ್ನೊಂದು ಜಾತಿಯ ಫೋನಿಗೆ ಕೈಯಿಂದ ದಾಟಿಸಿಕೊಡುವುದು. ಸಿಮ್ ಕಾರ್ಡಿಗೆ ತುಂಬಿಸಿ ಸಾಗಿಸೋಣವೆಂದರೆ ಅದರ ಹೊಟ್ಟೆ ಸಣ್ಣದು. ಇನ್ನೂರೋ ಇನ್ನೂರೈವತ್ತೋ ಹಿಡಿದರೆ ಹೆಚ್ಚು, ಉದ್ದದ ಹೆಸರಾದರೆ ಬಾಲ ಕತ್ತರಿಸಿಬಿಡುತ್ತದೆ. ಹಾಸನದ ದೊಡ್ಡ ಅಂಗಡಿಗಳಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಕ್ಷಣದಲ್ಲಿ ಸಾಗಿಸುತ್ತಾರಂತೆ. ಅರಸೀಕೆರೆಯಲ್ಲಿ ಆ ಕಂಪ್ಯೂಟರು ಯಶೋಧರಾ. ಮೊದಲು ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸುತ್ತಾರೆ, ಆಮೇಲೆ ನೋಟ್‌ಬುಕ್ಕಿನಿಂದ ಹೊಸ ಫೋನಿಗೆ ಏರಿಸುತ್ತಾರೆ, ಕೊನೆಗೆ ಒಂದೊಂದನ್ನೂ ಓದಿ ಹೊಂದಿಸಿ ನೋಡುತ್ತಾರೆ. ಮುಗಿದ ಮೇಲೆ ಆ ಹಾಳೆಯನ್ನು ಹರಿದು ಗಿರಾಕಿಯ ಕೈಗೇ ಕೊಡುತ್ತಾರೆ. ಊರಿನವರ ನಂಬರು ತನ್ನ ಬಳಿ ಉಳಿಯಬಾರದು ಎಂಬುದು ಅವರೇ ಹಾಕಿಕೊಂಡ ನಿಯಮ.

ಮರುಳಪ್ಪನವರ ಫೋನಿನಲ್ಲಿ ನಾನ್ನೂರ ಹನ್ನೆರಡು ಹೆಸರಿವೆ. 'ಲಾರಿ ಉದ್ದ', 'ಲಾರಿ ಸುಳ್ಳ', 'ತಿಪಟೂರು ಕೆಮ್ಮು', ಜೊತೆಗೆ 'ಎತ್ತಬೇಡ ಒಂದು'ರಿಂದ 'ಎತ್ತಬೇಡ ಏಳು'. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಕಾಗುಣಿತ ಬಾಯಿಗೆ ಬಂದಂತೆ. ಯಶೋಧರಾ ಯಾವುದನ್ನೂ ತಿದ್ದದೆ, ನಗದೆ, ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಳ್ಳುತ್ತಾರೆ.

ಯಶೋಧರಾ ಬಾಣಾವರದವರು. ವಯಸ್ಸು ಮೂವತ್ತನಾಲ್ಕು. ತಂದೆ ಹನುಮಯ್ಯ ರೈಲ್ವೆ ಹಳಿ ಕೆಲಸದಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಬುದ್ಧನ ಪಟವಿಟ್ಟ ವರ್ಷ ಹುಟ್ಟಿದ ಮಗಳಿಗೆ ಈ ಹೆಸರಿಟ್ಟರು. ಪಿಯುಸಿ ಮುಗಿಸಿದ ಮಗಳು ತೊಂಬತ್ತೈದರಲ್ಲಿ ಸ್ಟೇಷನ್ ರಸ್ತೆಯ ಎಸ್‌ಟಿಡಿ ಬೂತಿನಲ್ಲಿ ಕೂತಳು. ಜನ ಗಾಜಿನ ಗೂಡಿನೊಳಗೆ ಹೋಗುವ ಮೊದಲೇ ಅವರು ಮಾಡಬೇಕಾದ ನಂಬರು ಅವಳ ಬಾಯಲ್ಲಿರುತ್ತಿತ್ತು. ಊರಿನ ಇನ್ನೂರು ಮನೆಗಳ ನೆಂಟರ ನಂಬರು ಅವಳಿಗೆ ಕಂಠಪಾಠ. ಸಾವಿನ ಸುದ್ದಿಯನ್ನೂ ಹೆರಿಗೆಯ ಸುದ್ದಿಯನ್ನೂ ಬಾಣಾವರ ಆಕೆಯ ಮುಖ ನೋಡಿಯೇ ತಿಳಿದುಕೊಳ್ಳುತ್ತಿತ್ತು ಎಂದು ಹಳಬರು ಹೇಳುತ್ತಾರೆ.

ಆಮೇಲೆ ಮೊಬೈಲು ಬಂತು. ಎರಡು ಸಾವಿರದ ನಾಲ್ಕರಲ್ಲಿ ಬೂತು ಮುಚ್ಚಿತು. ಗಾಜಿನ ಗೂಡನ್ನು ಯಾರೋ ಕೋಳಿ ಸಾಕುವುದಕ್ಕೆ ಕೊಂಡೊಯ್ದರು. ಆರು ತಿಂಗಳು ಮನೆಯಲ್ಲಿ ಕೂತ ಯಶೋಧರಾ ಒಂದು ವಿಷಯ ಗಮನಿಸಿದರು. ಫೋನು ಬದಲಾಯಿಸಿದವರೆಲ್ಲ ಹಳೆಯದನ್ನು ಬಿಸಾಡಲಾರದೆ ಎರಡೆರಡು ಜೇಬಲ್ಲಿ ಎರಡೆರಡು ಫೋನು ಇಟ್ಟುಕೊಂಡು ತಿರುಗುತ್ತಿದ್ದರು. ಹೊಸದರಿಂದ ಮಾತು, ಹಳೆಯದರಲ್ಲಿ ನಂಬರು. ಮೇಜು, ನೋಟ್‌ಬುಕ್ಕು, ಒಂದು ರಟ್ಟಿನ ಬೋರ್ಡು ಹಿಡಿದು ಅವರು ಅರಸೀಕೆರೆಗೆ ಬಂದರು.

ಮಾಮೂಲಿ ದಿನ ಐದಾರು ಫೋನು, ಕೊಬ್ಬರಿ ಮಾರುಕಟ್ಟೆಯ ದಿನ ಒಂಬತ್ತು. ಫೋನೊಂದಕ್ಕೆ ಸರಾಸರಿ ನೂರೈವತ್ತು ನಂಬರೆಂದರೂ ದಿನಕ್ಕೆ ಸಾವಿರದ ಹತ್ತಿರ ಹೋಗುತ್ತದೆ. ಬಲಗೈ ಮಣಿಕಟ್ಟಿಗೆ ಚಳಿಗಾಲದಲ್ಲಿ ಬಟ್ಟೆ ಸುತ್ತಿಕೊಳ್ಳುತ್ತಾರೆ. ಕನ್ನಡಕದ ನಂಬರು ಎರಡು ಸಲ ಬದಲಾಗಿದೆ. ಮಳೆ ಎರಚಲು ಬಂದರೆ ಮೊದಲು ಎದೆಗವಚಿಕೊಳ್ಳುವುದು ಗಿರಾಕಿಯ ಫೋನನ್ನು, ನೆನೆಯುವುದು ತಾವು. "ಫೋನು ನೆನೆದ್ರೆ ಬೇರೆ ತಗೋಬೋದು. ನಂಬರು ಹೋದ್ರೆ ಮನುಷ್ಯರೇ ಹೋದಂಗೆ" ಎನ್ನುತ್ತಾರೆ. ಅವರಿಗೆ ಇದ್ದ ಒಂದೇ ಜಂಬ ಎಂದರೆ ತಮ್ಮ ಅಚ್ಚುಕಟ್ಟುತನ. ಗಿರಾಕಿ ಅಡ್ಡಾದಿಡ್ಡಿ ಬರೆದುಕೊಂಡ ಹೆಸರನ್ನು ಶುದ್ಧ ಮಾಡಿಯೇ ಹೊಸ ಫೋನಿಗೆ ಹಾಕುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ಆದರೂ ಮಾಡುತ್ತಿದ್ದರು. ಹೋದ ತಿಂಗಳವರೆಗೆ.

ಹೋದ ತಿಂಗಳು ಬಂದವರು ಮಾದಿಹಳ್ಳಿಯ ಲಕ್ಕಮ್ಮ. ಅರುವತ್ತು ದಾಟಿದ ಹೆಂಗಸು, ಡೈರಿಗೆ ಹಾಲು ಹಾಕಿ ಬದುಕುವವರು, ಓದು ಬಾರದು. ಮಗಳು ಅಕ್ಷತಾಳನ್ನು ಕಡೂರಿಗೆ ಕೊಟ್ಟಿದೆ. ಅಲ್ಲಿಂದ ವಾಪಸು ಬರುತ್ತಾ ಅರಸೀಕೆರೆಯಲ್ಲಿ ಬಸ್ಸು ಬದಲಿಸುವಾಗ ಜಗಲಿಯ ಮುಂದೆ ನಿಂತರು. ಅಳಿಯ ತನ್ನ ಟಚ್ ಫೋನನ್ನು ಅತ್ತೆಗೆ ಕೊಟ್ಟಿದ್ದ. ಎರಡು ವರ್ಷದ ಕೆಳಗೆ ಮೊದಲ ಫೋನು ಕೆಟ್ಟಾಗಲೂ ಯಶೋಧರಾ ಅವರೇ ಇನ್ನೊಂದು ಗುಂಡಿ ಫೋನಿಗೆ ನಂಬರು ದಾಟಿಸಿಕೊಟ್ಟಿದ್ದರು. ಅಂದು ಕೊಟ್ಟ ಹಾಳೆಯನ್ನು ಲಕ್ಕಮ್ಮ ಎಲೆಯಡಿಕೆ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಅದನ್ನು ತೆಗೆದು ಮೇಜಿನ ಮೇಲಿಟ್ಟು, ಹೊಸ ಫೋನು ತನಗೆ ಆಗುವುದಿಲ್ಲ, ಅಳಿಯನ ಮಾತಿಗೆ ಇಟ್ಟುಕೊಳ್ಳುತ್ತೇನೆ, ಹೇಗೂ ಮುಟ್ಟುವುದಿಲ್ಲ ಎಂದರು.

ಏಕೆ ಮುಟ್ಟುವುದಿಲ್ಲ ಎಂದು ಯಶೋಧರಾ ಕೇಳಿದರು.

"ನಂಗೆ ಎಣಿಕೆ ಬರಾಕಿಲ್ಲ ಕಣವ್ವ. ಹೋದೊರ್ಸದ ಹಿಂದ್ಲೊರ್ಸ ತಪ್ಪೆಣಿಸಿ ಹಸ ಕಳಕಂಡೆ."

ಲಕ್ಕಮ್ಮ ಹೇಳಿದ ಕಥೆ ಇಷ್ಟು. ಅವರ ಅಣ್ಣ ಇಂದುಧರನ ಮಗಳು ಮೊದಲ ಫೋನಿನಲ್ಲಿ ಒಂದು ಉಪಾಯ ಮಾಡಿಕೊಟ್ಟಿದ್ದಳು. ಕೆಳಗಿನ ಗುಂಡಿ ಒಂದು ಸಲ ಒತ್ತಿದರೆ ಮಗಳು, ಎರಡು ಸಲಕ್ಕೆ ಅಣ್ಣ, ಮೂರಕ್ಕೆ ಹಸುವಿನ ಡಾಕ್ಟರು, ನಾಲ್ಕಕ್ಕೆ ಕಾಯಿ ಕೀಳುವ ಪುಟ್ಟರಾಜು. ಒತ್ತಿದ ಮೇಲೆ ಹಸಿರು ಗುಂಡಿ. ಅಕ್ಷರ ಬೇಡ, ಎಣಿಕೆ ಸಾಕು. ದಿನಾ ಮಾಡುತ್ತಿದ್ದುದು ಮಗಳಿಗೆ ಮಾತ್ರ. ಅಣ್ಣ ಪಕ್ಕದ ಬಸ್ತಿಹಳ್ಳಿಯವನು, ನಡೆದೇ ಬಂದು ಮಾತಾಡಿಸಿ ಹೋಗುವವನು. ಫೋನು ಬದಲಾದ ಮೇಲೂ ಅದೇ ಎಣಿಕೆ ಹಿಡಿದಿದ್ದರು. ಹಾಗಿರುವಾಗ ಒಂದು ಮಧ್ಯಾಹ್ನ ಹಸಿ ಜೋಳದ ಪೈರು ಮೇಯ್ದ ಹಸು ಕೆಂಪಿಗೆ ಹೊಟ್ಟೆ ಉಬ್ಬರಿಸಿತು. ಲಕ್ಕಮ್ಮ ಮೂರು ಸಲ ಒತ್ತಿದರು. ಫೋನು ಸ್ವಿಚ್ ಆಫ್ ಆಗಿದೆ ಎಂದಳು ಫೋನಿನೊಳಗಿನ ಹೆಂಗಸು. ಮತ್ತೆ ಮೂರು ಸಲ ಒತ್ತಿದರು, ಅದೇ ಮಾತು. ಡಾಕ್ಟರು ಊರಲ್ಲಿಲ್ಲವೆಂದು ಕೈಚೆಲ್ಲಿ ಎಣ್ಣೆ ಕುಡಿಸುತ್ತಾ ಕೂತರು. ಸಂಜೆ ಹೊತ್ತಿಗೆ ಕೆಂಪಿ ಕಾಲು ಚಾಚಿತು. ಮಾರನೇ ದಿನ ಡಾಕ್ಟರು ಏಕಾಂತಯ್ಯ ಡೈರಿಯ ಹತ್ತಿರ ಸಿಕ್ಕಿ, ನನ್ನ ಫೋನು ಇಡೀ ದಿನ ಆನ್ ಇತ್ತಲ್ಲ ತಾಯಿ ಎಂದರು. ಅಂದಿನಿಂದ ಲಕ್ಕಮ್ಮ ಮಗಳಿಗೂ ಗುಂಡಿ ಒತ್ತಿಲ್ಲ. ಅವಳೇ ಮಾಡಿದರೆ ಮಾತು. ಮೂರರ ತನಕ ಎಣಿಸಲು ಬಾರದವಳು ಎಂದು ಯಾರ ಮುಂದೆ ಹೇಳಿಕೊಳ್ಳುವುದು ಎಂದು ಯಾರಿಗೂ ಹೇಳಿಲ್ಲ.

ಯಶೋಧರಾ ಹಾಳೆ ಬಿಡಿಸಿದರು. ಎಡಗಡೆ ಮೊದಲ ಫೋನಿನಲ್ಲಿದ್ದದ್ದು: ಇಂಗ್ಲಿಷಿನ ಎ ಅಕ್ಷರ ಒಂದು, ಎರಡು, ಮೂರು, ನಾಲ್ಕು ಸಲ; ಸಾಲು ಕದಲದಿರಲೆಂದು ಅಣ್ಣನ ಮಗಳು ಹೂಡಿದ ಉಪಾಯ. ಬಲಗಡೆ ತಾವು ಶುದ್ಧ ಮಾಡಿ ಹಾಕಿದ್ದು: ಅಕ್ಷತಾ, ಇಂದುಧರ, ಡಾಕ್ಟರ್, ಪುಟ್ಟರಾಜು. ಹುಡುಗಾಟಕ್ಕೆ ಗೀಚಿದ್ದೆಂದು ತಿಳಿದು, ಯಾವುದು ಯಾರದೆಂದು ಕೇಳಿ, ನೀಟಾಗಿ ಬರೆದಿದ್ದರು. ಫೋನು ಆ ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಕೂರಿಸಿತು. ಡಿ ಮೊದಲು, ಐ ಆಮೇಲೆ. ಡಾಕ್ಟರು ಎರಡಕ್ಕೆ ಬಂದರು, ಮೂರಕ್ಕೆ ಅಣ್ಣ ಹೋದ. ಮಗಳು ಮಾತ್ರ ಒಂದರಲ್ಲೇ ಉಳಿದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ತಪ್ಪೆಣಿಸಿದವರು ಯಾರೂ ಇರಲಿಲ್ಲ, ತಿದ್ದಿದವರು ಒಬ್ಬರಿದ್ದರು.

ಅಂದು ಯಶೋಧರಾ ಬಾಯಿ ಬಿಡಲಿಲ್ಲ. ಸಮಯ ಬೇಕಾಗುತ್ತದೆ, ಸೋಮವಾರ ನಾನೇ ಊರಿಗೆ ತಂದುಕೊಡುತ್ತೇನೆ ಎಂದು ಎರಡೂ ಫೋನು ಇಟ್ಟುಕೊಂಡು ಲಕ್ಕಮ್ಮನನ್ನು ಹಳೇಬೀಡಿನ ಬಸ್ಸು ಹತ್ತಿಸಿದರು. ಹೇಳದೇ ಇರಬಹುದಿತ್ತು. ಓದು ಬಾರದವರ ಕೈಯಲ್ಲಿದ್ದ ಸಾಕ್ಷಿ ಆ ಹಾಳೆ. ಹೇಳಿದರೆ ಮಾದಿಹಳ್ಳಿ, ಬಸ್ತಿಹಳ್ಳಿ ಕಡೆಯ ಗಿರಾಕಿಗಳು ಮತ್ತೆ ಈ ಜಗಲಿ ಹತ್ತುವುದಿಲ್ಲ ಎಂಬುದೂ ಗೊತ್ತಿತ್ತು. ನಂಬಿಕೆಯ ಮೇಲೆ ನಿಂತ ಕಸುಬಿಗೆ ಬೇರೆ ಬಂಡವಾಳವಿಲ್ಲ. ನಾಲ್ಕು ದಿನ ಊಟ ಸೇರಲಿಲ್ಲ ಎಂದು ಅವರು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾರೆ. ತಾಯಿ ಸಣ್ಣತಾಯಮ್ಮನಿಗೆ ಹೇಳಿದಾಗ, ಹಸ ಹೋಗಿದ್ದಾಯ್ತು, ಆ ಹೆಂಗಸಾದರೂ ಉಳಿಯಲಿ ಎಂದರಂತೆ.

ಈಗ ಅವರು ಹೊಸ ಗಿರಾಕಿಗಳನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹೆಸರು ಓದಿ ಹುಡುಕುತ್ತೀರೋ, ಎಣಿಸಿ ಹುಡುಕುತ್ತೀರೋ? ಆಶ್ಚರ್ಯವೆಂದರೆ ಹತ್ತರಲ್ಲಿ ಮೂವರು ಎಣಿಸುವವರೇ. ಮುಂದೊಂದು ದಿನ ಎಲ್ಲ ಜಾತಿಯ ಫೋನುಗಳೂ ಒಂದೇ ಪಂಕ್ತಿಯಲ್ಲಿ ಕೂತು ನಂಬರು ಹಂಚಿಕೊಂಡಾವು, ಆಗ ಈ ಮೇಜೂ ಬೂತಿನ ದಾರಿ ಹಿಡಿಯುತ್ತದೆ ಎಂಬುದು ಅವರಿಗೆ ಗೊತ್ತು. ಅದಕ್ಕೆ ಬೇಸರವಿಲ್ಲ. "ಆಗಲೇಬೇಕು. ಅಲ್ಲೀತಂಕ ನನ್ನ ಕೈಯಿಂದ ಇನ್ನೊಂದು ಮನೆ ಕೆಡಬಾರದು, ಅಷ್ಟೇ" ಎನ್ನುತ್ತಾರೆ.

ಆ ಸೋಮವಾರ ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಮಾದಿಹಳ್ಳಿ ತಲುಪುವಾಗ ಹನ್ನೊಂದು ಗಂಟೆ. ಲಕ್ಕಮ್ಮ ಕೊಟ್ಟಿಗೆಯಲ್ಲಿದ್ದರು. ಕೆಂಪಿಯ ಕರು ಈಗ ಬೆಳೆದು ತುಂಬಿದ ಗಬ್ಬ, ಹದಿನೈದು ದಿನದಲ್ಲಿ ಕರು ಹಾಕಬಹುದು. ಡಾಕ್ಟರನ್ನು ಕರೆಯುವ ಹೊತ್ತು ಬಂದರೆ ಯಾರ ಮನೆಗೆ ಓಡುವುದು ಎಂಬುದು ಲಕ್ಕಮ್ಮನ ಚಿಂತೆ. ಯಶೋಧರಾ ಕುಳಿತುಕೊಳ್ಳಲಿಲ್ಲ. ಕೊಟ್ಟ ನೀರನ್ನೂ ಕುಡಿಯದೆ ನಿಂತೇ ಹೇಳಿದರು.

"ನೀವು ಎಣಿಸಿದ್ದು ಸರಿಯಾಗೇ ಇತ್ತಮ್ಮ. ನಾನು ಹೆಸರು ತಿದ್ದಿದ್ದಕ್ಕೆ ಸಾಲೇ ಹಿಂದುಮುಂದಾಯ್ತು. ಮೂರಕ್ಕೆ ಡಾಕ್ಟ್ರು ಇರಲಿಲ್ಲ, ನಿಮ್ಮಣ್ಣ ಇದ್ರು. ಕೆಂಪಿ ಹೋಗಿದ್ದು ನನ್ನಿಂದ."

ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದರು. ಲಕ್ಕಮ್ಮ ಕೈಯಲ್ಲಿದ್ದ ಹುಲ್ಲನ್ನು ಹಸುವಿನ ಮುಂದೆ ಹಾಕಿದರು, ಸೆರಗಿಗೆ ಕೈ ಒರೆಸಿಕೊಂಡರು.

"ಹಂಗಾರೆ ಮೂರು ಅಂತ ನಾನು ಒತ್ತಿದ್ದು ಮೂರೇಯಾ?"

ಮೂರೇ ಎಂದರು ಯಶೋಧರಾ. ಲಕ್ಕಮ್ಮ ಗೋದಲಿಯ ಅಂಚಿಗೆ ಕೂತು ಅತ್ತರು. ಹಸುವಿಗಾಗಿ ಅತ್ತದ್ದಲ್ಲ ಎಂದು ಯಶೋಧರಾಗೆ ಅರ್ಥವಾಯಿತು, ತಾವೂ ಅತ್ತರು. ಅಳಿಯನ ಟಚ್ ಫೋನು ಬೇಡ, ಅವನಿಗೇ ಕಳಿಸುತ್ತೇನೆ, ಹಳೆಯದನ್ನು ಮೊದಲಿನ ಹಾಗೆ ಮಾಡಿಕೊಡು ಎಂದರು ಲಕ್ಕಮ್ಮ. ಅದನ್ನು ಯಶೋಧರಾ ಬರುವ ಮೊದಲೇ ಮಾಡಿದ್ದರು. ಲಕ್ಕಮ್ಮ ಫೋನು ಈಸಿಕೊಂಡು, ಜೋರಾಗಿ ಎಣಿಸುತ್ತಾ, ಕೆಳಗಿನ ಗುಂಡಿಯನ್ನು ಒಂದು, ಎರಡು, ಮೂರು ಸಲ ಒತ್ತಿ ಹಸಿರು ಗುಂಡಿ ಒತ್ತಿದರು. ಎರಡು ರಿಂಗಿಗೆ ಏಕಾಂತಯ್ಯ ಎತ್ತಿದರು. ಹಸುವಿಗೆ ಏನಾಯಿತು, ಈಗಲೇ ಬರಲೇ ಎಂದು ಗಾಬರಿಯಿಂದ ಕೇಳಿದ್ದು ಯಶೋಧರಾಗೂ ಕೇಳಿಸಿತು.

"ಹಸ ಸೆಂದಾಗೈತೆ ಸ್ವಾಮಿ" ಎಂದರು ಲಕ್ಕಮ್ಮ. "ನಂಗೆ ಎಣಿಕೆ ಬತ್ತದೆ ಅಂತ ಹೇಳಾನ ಅಂತ ಮಾಡ್ದೆ."